ಎಂಟು ಫರಸಿ, ಒಂದು ಗೇಣು

ಅಕ್ಷರಕ್ಕ ಹನ್ನೆರಡು ರೂಪಾಯಿ,
ಒತ್ತಕ್ಷರ ಇದ್ರ ಹದಿನೈದು.
ಹಿಂಗ ಮಾತಾಗಿತ್ತು ಕಮಿಟಿಯವರ ಜೋಡಿ.
ಹಳೇ ಜಕಾತಿ ನಾಕಾದ ಕೋಣಿಗೆ ಸುಣ್ಣ ಬಡದು
ಬಾಗಿಲ ಮ್ಯಾಲ ಕೆತ್ತು ಅಂದ್ರು:
ಶಹಾಬಾದ ಕ್ರೀಡಾ ಕೀರ್ತಿ ಭವನ.
ಕೋಣಿಗಿಂತ ಹೆಸರೇ ಉದ್ದಾಯ್ತಲ್ರೀ ಅಂದೆ.
ಯಾರೂ ನಗಲಿಲ್ಲ.

ಪಟ್ಟಿ ಎರಡು. ಆಡಿದವರು, ಕಟ್ಟಿದವರು.

ರೇಲ್ವೆ ಕಾಲನಿಯ ಗೋಲಿ ಸಾಮುವೆಲಪ್ಪ,
ಎರಡು ಹಲ್ಲು ಬಿಟ್ಟಾನ, ಚೆಂಡು ಬಿಟ್ಟಿಲ್ಲ.
ಪೈಲವಾನ ಮೌಲಾಲಿ, ಮಣ್ಣು ತಿಂದು ತಿಂದು
ಕಿವಿ ಕಡಬಿನಂಗ ಮಡಚಿಕೊಂಡವ.
ಕಟ್ಟಿದವರೊಳಗ ಮೊದಲ ಹೆಸರು ಭೀಮಶಾಂದು.
ಖಣಿಯಾಗ ಸುರಂಗ ಹಾರಸ್ತಿದ್ದ. ಆರು ದಿನ ಕಲ್ಲು ಒಡದು
ಏಳನೇ ದಿನ ರದ್ದಿ ಕಲ್ಲು ತಟ್ಟಿನ್ಯಾಗ ಹೊತ್ತು
ಬಿಟ್ಟ ಖಣಿಯ ತೆಗ್ಗಿಗೆ ಸುರುವತಿದ್ದ.
ಹೆಂಡತಿ ಶರಣಮ್ಮ ಮ್ಯಾಲ ಕೆಂಪು ಮಣ್ಣು ಎಳೀತಿದ್ಳು.
ಒಂಬತ್ತು ವರ್ಷ.
ಇವತ್ತು ನಾವು ಮೈದಾನ ಅಂತೀವಲ್ಲ,
ಅದು ಮೂವತ್ತಡಿ ಆಳದ ಒಂದು ಐತವಾರ.
ಪಟ್ಟಿಯಾಗ ಶರಣಮ್ಮನ ಹೆಸರಿರಲಿಲ್ಲ.
ಭೀಮಶಾನ ಕಲ್ಲಿನ ಮ್ಯಾಲೇ ಜಾಗ ಮಾಡಿ ಕೆತ್ತಿದೆ.
ಐದು ಅಕ್ಷರದ ರೊಕ್ಕ ಬಿಟ್ಟೆ, ಯಾರೂ ಕೇಳಲಿಲ್ಲ.

ಕೇಳಿದ್ದು ಜಗದೇವಿ ಹೆಸರು ತಗದಾಗ.
ಎಷ್ಟು ಹಾರ್‍ಯಾಳ? ಮೀಟರಿನ್ಯಾಗ ಹೇಳು.
ಸರ್ಟಿಫಿಕೇಟು ಎಲ್ಲಿ ಅದ?

ಸಾಲಿಯಾಗ ಆಗ ಟೇಪೇ ಇರಲಿಲ್ರೀ.
ಹುಡಿಯ ಪಕ್ಕಕ್ಕ ಎರಡಡಿಯ ಫರಸಿ ಸಾಲಾಗಿ ಹಾಸಿ
ಮಾಸ್ತರು ಎಣಿಸಿದ್ರು. ಎಂಟು.
ಉಳಿದದ್ದಕ್ಕ ಅಳತಿ ಸಾಲದು,
ಲೇ ಹುಡುಗಾ, ಕೈ ಇಡು ಅಂದ್ರು.
ಹನ್ನೊಂದು ವರ್ಷದ ನನ್ನ ಕೈ,
ಹೆಬ್ಬೆಟ್ಟಿನಿಂದ ಕಿರಿಬೆರಳಿನ ತನ, ಭರ್ತಿ ಒಂದು ಗೇಣು.
ಜಿಲ್ಲಾಕ್ಕ ಹೋಗಬೇಕಾಗಿತ್ತು ಆಕಿ.
ಮುಂದಿನ ವಾರ ಲಗ್ನಕ್ಕ ಹೋದಳು.

ಬಾಯಿಮಾತು ದಾಖಲೆ ಆಗೂದಿಲ್ಲ, ಅಂದ್ರು ಅಧ್ಯಕ್ಷರು.
ಖರೆ ಅದ.
ಆದರ ನೆಲದ ಗುತ್ತಿಗಿನೂ ನಂದೇ ಇತ್ತಲ್ಲ.

ಫೋಟೋ ತೂಗಬಿಡೂ ಗ್ವಾಡಿಯಿಂದ ಹಾಸ್ತಾ ಬಂದೆ.
ಒಳಗ ಹಿಡದದ್ದು ಏಳೇ ಫರಸಿ.
ಎಂಟನೇದು ಹೊಸ್ತಿಲ ದಾಟಿತು.
ಗೇಣು ಬಿದ್ದದ್ದು ಹೊರಗ, ಬೇವಿನ ಬುಡಕ, ಬಿಸಿಲಾಗ.
ಅಲ್ಲಿ ಒಂದು ಕಲ್ಲು ಹುಗದು ಗೆರಿ ಹೊಡದೆ.
ಅಕ್ಷರ ಒಂದೂ ಇಲ್ಲ, ಬಿಲ್ಲಿನ್ಯಾಗ ಬರಂಗಿಲ್ಲ.
ಈಗಿನ ನನ್ನ ಗೇಣು ಉದ್ದ, ಉಳಿ ಹಿಡದು ಹಿಡದು ಸೊಟ್ಟ.
ಪಾಲಿಶ್ ಕಾರ್ಖಾನಿ ಹುಡುಗನ ಕೈ ಒಂದು ಚಣ
ಕಡ ತಗೊಂಡೆ.

ಉದ್ಘಾಟನೆಗೆ ವಾಡಿಯಿಂದ ಬಂದಿದ್ಳು ಜಗದೇವಿ,
ಮೊಣಕಾಲು ಹಿಡಕೋತ, ಮೊಮ್ಮಗಳ ಹೆಗಲ ಮ್ಯಾಲ ಭಾರ ಹಾಕಿ.
ಗೆರಿ ತೋರಿಸಿದೆ. ಬಗ್ಗಿ ನೋಡಿದ್ಳು ಬಾಳೊತ್ತು.
ತಪ್ಪದ, ಅಂದ್ಳು.
ಲಂಗದ ಅಂಚು ಹಿಂದ ಬಿದ್ದಿತ್ತು, ಮಾಸ್ತರು ಅಲ್ಲಿಂದ ಅಳದ್ರು.
ಕಾಲು ಊರಿದ್ದು ಇನ್ನೂ ನಾಕು ಬೆರಳು ಮುಂದ.

ನಲವತ್ತಾರು ವರ್ಷ ಆ ನಾಕು ಬೆರಳು
ಆಕಿ ಕಡೆ ಇದ್ವು.

ಹೊಡದ ಗೆರಿ ಅಳಿಸಾಕ ಬರೂದಿಲ್ಲ ಕಲ್ಲಿನ್ಯಾಗ.
ಅದರ ಮುಂದ ಇನ್ನೊಂದು ಹೊಡದೆ, ಸಣ್ಣದು.
ಈಗ ದಿನಾ ಸಾಲಿ ಬಿಟ್ಟ ಮ್ಯಾಲ ಹುಡುಗೂರು
ಒಳಗಿಂದ ಓಡಿ ಬಂದು ಹಾರತಾವ,
ಹೊಸ್ತಿಲು ಎಡವಿ ಮಂಡಿ ಕೆತ್ತಿಕೋತಾವ.
ಒಂದು ಗಾಡಿ ಉಸುಕು ಹಾಕಸ್ರಿ ಅಂತ
ಕಮಿಟಿಗೆ ಅರ್ಜಿ ಬರದು ಕೊಟ್ಟೀನಿ,
ಒತ್ತಕ್ಷರ ಬಾಳ ಅದಾವ ಅದರಾಗ.