ಕೂಗಳತೆ

ಬಂಡೆಯ ನೆತ್ತಿಯ ಮೇಲಿದ್ದೇನೆ, ರೊವೀನಾ.
ಸಿಗ್ನಲ್ ಒಂದು ಕಡ್ಡಿ ಬರುವುದು ಇಲ್ಲಿ ಮಾತ್ರ,
ಅದೂ ಮೆರೆಡಿನ್ ಕಡೆ ಮುಖ ಮಾಡಿ
ಎಡಗೈ ಎತ್ತಿ ನಿಂತರೆ.
ಕೆಳಗೆ ನನ್ನ ಗಾಡಿ, ಗಾಡಿಯಲ್ಲಿ ನಾಯಿ.
ನಾಯಿಗೂ ಗೊತ್ತು, ಇವಳು ಬಂಡೆ ಹತ್ತಿದಳೆಂದರೆ
ಒಂದು ತಾಸಿನ ಮಾತು.

ನಲವತ್ತೊಂದು ನಿಮಿಷ ಪಿಯಾನೋ ಕೇಳಿಸಿದಿರಿ.
ನಡುನಡುವೆ ಒಬ್ಬ ಗಂಡಸು ಬಂದು
ನನ್ನ ಕರೆ ನಿಮಗೆ ಬಹಳ ಮುಖ್ಯ ಅಂದ.
ಅಷ್ಟು ಮುಖ್ಯವಾದವರನ್ನು ಇಷ್ಟು ಹೊತ್ತು
ಬಾಗಿಲ ಹೊರಗೆ ನಿಲ್ಲಿಸುತ್ತಾರೇನಮ್ಮ?

ಅದಕ್ಕೂ ಮೊದಲು ಒಂದು ಯಂತ್ರ ಹೆಸರು ಕೇಳಿತು.
ಹೆಬ್ಬಳ್ಳಿ ಅಂದೆ. ಅರ್ಥವಾಗಲಿಲ್ಲ ಅಂದಿತು.
ಹೆಬ್. ಬಳ್. ಳಿ.
ಏನು ಕೇಳಿಸಿತೋ,
ಬಿಲ್ಲು ಕಟ್ಟುವ ವಿಭಾಗಕ್ಕೆ ಅಟ್ಟಿತು.

ವಿಷಯಕ್ಕೆ ಬರುತ್ತೇನೆ. ನಾನು ದನದ ಡಾಕ್ಟರು.
ಇಲ್ಲಿ ದನ ಕಡಿಮೆ. ಕುರಿ, ಗೋಧಿ, ಉಪ್ಪುಗಟ್ಟಿದ ಕೆರೆ,
ಮತ್ತೆ ಕುರಿ.
ಜೂನ್ ಅಂದರೆ ಈಯುವ ಕಾಲ.
ಮಂಗಳವಾರ ರಾತ್ರಿ ನೋಲಾ ಟೊಂಕಿನ್ ಫೋನ್ ಮಾಡಿದ್ದಾಳೆ:
'ಮರಿ ಅಡ್ಡ ಬಂದಿದೆ, ಒಂದೇ ಕಾಲು ಹೊರಗಿದೆ, ಬೇಗ ಬಾ.'
ಆ ದನಿ ನನಗೆ ಮುಟ್ಟಿದ್ದು ಶುಕ್ರವಾರ,
ಬ್ರೆಡ್ಡಿನಂಗಡಿಯ ಮುಂದೆ ನಿಂತಾಗ,
'ನಿಮಗೊಂದು ಹೊಸ ಸಂದೇಶವಿದೆ' ಎಂಬ ಮುನ್ನುಡಿಯ ಸಮೇತ.
ಹೊಸದಂತೆ!
ಉಳಿಸಲು ಎರಡನ್ನು ಒತ್ತಿ, ಅಳಿಸಲು ಏಳನ್ನು ಒತ್ತಿ.
ಕುರಿಯನ್ನು ಅಷ್ಟೊತ್ತಿಗೆ ಮಣ್ಣು ಮಾಡಿ ಎರಡು ದಿನ.

ಹೌದು, ನಿಮ್ಮ ನಕ್ಷೆ ನೋಡಿದ್ದೇನೆ.
ನಮ್ಮ ಊರಿನ ಮೇಲೆಲ್ಲ ಕನಕಾಂಬರದ ಬಣ್ಣ ಬಳಿದಿದ್ದೀರಿ,
ಉಪ್ಪುಕೆರೆಯನ್ನೂ ಬಿಡದೆ.
ಚೆಂದ ಇದೆ.
ಆದರೆ ನಾನು ನಕ್ಷೆಯಲ್ಲಿ ವಾಸ ಮಾಡುವವಳಲ್ಲ, ತಾಯಿ.

ಗೋಪುರ ಹಳತು ಅಂದಿರಿ, ಆರಿಸಿದಿರಿ.
ಫೋನು ಹಳತು ಅಂದಿರಿ, ಹೊಸದು ಕೊಂಡೆ.
ಸಿಮ್ಮೂ ಹಳತು ಅಂದಿರಿ, ಅದೂ ಆಯಿತು.
ಈ ಬಂಡೆ ಇನ್ನೂರೈವತ್ತು ಕೋಟಿ ವರ್ಷ ಹಳತಂತೆ.
ಕೆಲಸ ಮಾಡುತ್ತಿರುವುದು ಅದೊಂದೇ.

ನಮ್ಮಲ್ಲಿ ದೂರಕ್ಕೆ ಒಂದು ಅಳತೆಯಿತ್ತು, ಕೂಗಳತೆ ಅಂತ.
ಇವರು ಕೂಗಿದರೆ ಅವರು ಓ ಅನ್ನುವಷ್ಟು.
ಗಾಳಿ ಬೆನ್ನಿಗಿದ್ದರೆ ಒಂದಿಷ್ಟು ಹೆಚ್ಚು, ಎದುರಿದ್ದರೆ ಕಮ್ಮಿ,
ಇದ್ದ ಷರತ್ತು ಅಷ್ಟೇ, ಸಣ್ಣ ಅಕ್ಷರವಿಲ್ಲ.
ತಿಂಗಳಿಗೆ ಅರವತ್ತೈದು ಡಾಲರು ಕಟ್ಟಿ
ನಾನು ಒಂದು ಕೂಗಳತೆಯನ್ನೂ ಕೊಂಡಿಲ್ಲ.

ಕೇಳಿಸುತ್ತಿದೆಯಾ? ಗಾಳಿ ಎದ್ದಿದೆ, ಅದಕ್ಕೇ.
ಇನ್ನೊಂದು ಕೈ ಎತ್ತುತ್ತೇನೆ, ತಾಳು.

'ಮರಿ ಏನಾಯಿತು, ಡಾಕ್ಟರ್?' ಅಂದಳು ಅವಳು,
ದನಿ ತಗ್ಗಿಸಿ, ಪಕ್ಕದ ಮೇಜಿಗೆ ಕೇಳದಂತೆ.
ಓದಿ ಹೇಳಲು ಕೊಟ್ಟ ಹಾಳೆಯಲ್ಲಿ
ಆ ಪ್ರಶ್ನೆ ಇದ್ದಿರಲಾರದು.

ಉಳಿಯಿತು, ರೊವೀನಾ.
ನೋಲಾ ತಾನೇ ಕೈಯಿಕ್ಕಿ ತಿರುಗಿಸಿ ಎಳೆದಳಂತೆ,
ಎಪ್ಪತ್ತಮೂರು ವರ್ಷದ ಕೈ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ.
ಈಗದು ಅಡುಗೆಮನೆಯ ರಟ್ಟಿನ ಪೆಟ್ಟಿಗೆಯಲ್ಲಿ
ಬಾಟಲಿ ಕಂಡರೆ ಬಾಲ ಕುಣಿಸುತ್ತದೆ.
ಅದಕ್ಕೊಂದು ಹೆಸರೂ

ರೊವೀನಾ?

ಹಲೋ?

ಕಡ್ಡಿ ಹೋಯಿತು. ನಲವತ್ತೊಂದು ನಿಮಿಷ, ಪಿಯಾನೋ,
ದೂರಿನ ಸಂಖ್ಯೆಯನ್ನೂ ಕೇಳಿಕೊಳ್ಳಲಿಲ್ಲ.
ಮರಿಯ ಹೆಸರು ಅವಳಿಗೆ ಮುಟ್ಟಲಿಲ್ಲ.

ಮೊಣಕೈ ನೀವಿಕೊಳ್ಳುತ್ತ ಬಡಗಣಕ್ಕೆ ತಿರುಗುತ್ತೇನೆ.
ಟೊಂಕಿನ್‌ರ ನೀರಿನ ಗಾಳಿಯಂತ್ರದ ಕಾಲಿಗೆ
ಒಂದು ಮೇವಿನ ಚೀಲ ಕಟ್ಟಿದ್ದಾರೆ.
ಹೋದ ವಾರ ನಾನೂ ನೋಲಾಳೂ ಮಾಡಿಕೊಂಡ ಏರ್ಪಾಡು:
ಕೆಂಪಾದರೆ ಓಡಿ ಬಾ.
ಹಳದಿಯಾದರೆ, ಬರುವಾಗ ಬ್ರೆಡ್ಡು ತಾ.

ಕಣ್ಣು ಕಿರಿದು ಮಾಡಿ ನೋಡುತ್ತೇನೆ.
ಹಳದಿ.
ಮೆಲ್ಲಗೇ ಇಳಿಯಬಹುದು.