ಇದು ನೀವೇನಾ?

ರಾಗಿ ಡ್ರಮ್ಮಿನ ಮೇಲೆ ಪ್ರಿಂಟರು.
ಈ ಮನೆಯಲ್ಲಿ ಬೇರೆಲ್ಲೂ ಸಿಗ್ನಲ್ಲಿಲ್ಲ.
ವೈಫೈ ಕೆಳಗಿನ ಮನೆ ಪುಟ್ಟಮ್ಮಣ್ಣಿಯವರದು,
ತಿಂಗಳಿಗೆ ಇನ್ನೂರು ನಮ್ಮ ಪಾಲು.
ಮೆಟ್ಟಿಲು ಹತ್ತುವಷ್ಟರಲ್ಲಿ ಅದಕ್ಕೂ ಮಂಡಿನೋವು,
ಅಡುಗೆಮನೆ ಕಿಟಕಿಯ ತನಕ ಬಂದು
ಕೂತುಬಿಡುತ್ತದೆ.

ಸಾಲಗಾಮೆ ರಸ್ತೆಯ ಅಂಗಡಿಯವನು ಹೇಳಿದ್ದ:
"ಗಾಜಿನ ಮೇಲೆ ಕಾಗದ ಇಡಿ ಅಕ್ಕ, ಗುಂಡಿ ಒತ್ತಿ,
ಆಫೀಸಿನ ಮೇಲ್‌ಗೆ ತಾನೇ ಹೋಗಿ ಬೀಳುತ್ತೆ."
ಅವನು ಹೇಳದೆ ಬಿಟ್ಟದ್ದು:
ಪ್ರಿಂಟರಿಗೂ ಒಂದು ಮನೆ ನಂಬರು ಬೇಕು,
ಅಂಚೆಗೆ ದಾರಿ ಬೇಕು, ದಾರಿಗೆ ಬಾಗಿಲು,
ಬಾಗಿಲ ಮೇಲೆ ಐನೂರ ಎಂಬತ್ತೇಳು,
ಮತ್ತೆ, ಕಳಿಸುವವರ ಹೆಸರು.

ಹೆಬ್ಬೆರಳಷ್ಟು ಪರದೆ, ಬಾಣದ ಗುರುತಿನ ನಾಲ್ಕು ಗುಂಡಿ.
ಎ ಇಂದ ಎಸ್‌ಗೆ ಹೋಗಲು ಹದಿನೆಂಟು ಸಲ ಕೆಳಗೆ.
ಸರ್ವಮಂಗಳ.
ಅಪ್ಪ ಇಷ್ಟುದ್ದ ಹೆಸರಿಟ್ಟಿದ್ದಕ್ಕೆ
ನಲವತ್ತೊಂದನೇ ವರ್ಷದಲ್ಲಿ ಮೊದಲ ಸಲ ಬೇಜಾರಾಯಿತು.

ನನ್ನ ಪಾಸ್‌ವರ್ಡು ಅದಕ್ಕೆ ನಡೆಯುವುದಿಲ್ಲ.
ಮನೆ ಬೀಗದ ಕೈ ಯಂತ್ರಕ್ಕೆ ಕೊಡಬಾರದಂತೆ,
ಹಿತ್ತಲ ಬಾಗಿಲಿನದೊಂದು ಬೇರೆ ಮಾಡಿಸಬೇಕಂತೆ.
ಹದಿನಾರು ಅಕ್ಷರ, ಒಂದಕ್ಕೂ ಇನ್ನೊಂದರ ಪರಿಚಯವಿಲ್ಲ.
ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡೆ.

ಡಿಪೋದಿಂದ ಬಂದರು ಯಜಮಾನರು.
ಬಸ್ಸು ಗೇಟು ದಾಟುವ ಸದ್ದಿಗೇ
ಯಾವ ಇಂಜೆಕ್ಟರು ಕೆಟ್ಟಿದೆ ಎನ್ನುವ ಚೆಲುವಾಚಾರ್
ಪ್ರಿಂಟರಿಗೆ ಕಿವಿ ಕೊಟ್ಟು ನಿಂತರು.
"ಲೈನಲ್ಲಿ ಏರ್ ಹಿಡ್ಕೊಂಡಿದೆ ಕಣೆ."
ಮುಚ್ಚಳ ಎತ್ತಿ, ಗಾಜು ಒತ್ತಿ ನೋಡಿ,
ಆರಿಸಿ, ಹತ್ತಿಸಿ,
ಇಷ್ಟೇ ತಮ್ಮ ಕೈಲಾಗುವುದು ಎಂಬಂತೆ
ಕಾಫಿ ಕೇಳಿದರು.

ಒಂಬತ್ತೂವರೆಗೆ ಫೋನು ಟಣ್ಣೆಂದಿತು.
ಹಾಸನದ ಹತ್ತಿರ ಯಾರೋ
ನಿಮ್ಮ ಖಾತೆಯೊಳಗೆ ಬರಲು ನೋಡುತ್ತಿದ್ದಾರೆ.
ಇದು ನೀವೇನಾ?

ಎರಡೇ ಉತ್ತರ: ಹೌದು, ನಾನೇ. ಅಲ್ಲ.
ನಾನಲ್ಲ, ನಮ್ಮ ರಾಗಿ ಡ್ರಮ್ಮಿನ ಮೇಲಿನದು,
ನಮ್ಮದೇ, ಬಿಡಿ ಒಳಗೆ,
ಅನ್ನಲು ಜಾಗವಿಲ್ಲ.

ಶಾಂತಿಗ್ರಾಮದ ಈರಕ್ಕನ ನೆನಪಾಯಿತು.
ಬಾಂಡು ತುಂಬಿ ದುಡ್ಡು ಬರುವ ಹೊತ್ತು,
ಇಪ್ಪತ್ತು ವರ್ಷದ ಹಿಂದಿನ ಫೋಟೋ ಹಿಡಿದು
ಅವಳನ್ನು ನಾನೂ ಹೀಗೇ ಕೇಳಿದ್ದೆ,
ಕೇಳಬೇಕಾದ್ದು ನಿಯಮ:
"ಇದು ನೀವೇನಾ?"
ತುಂಬ ಹೊತ್ತು ನೋಡಿದಳು.
ಎರಡು ಜಡೆ, ಮೂಗುಬೊಟ್ಟು, ಸ್ಟುಡಿಯೋದ ನೀಲಿ ಪರದೆ.
"ಆಗ ಹೌದವ್ವ," ಅಂದಳು.
ನಾನು ಪೆನ್ನು ತಗೊಂಡು
ಹೌದು ಅಂತಷ್ಟೇ ಬರೆದಿದ್ದೆ.

ಹೌದು, ನಾನೇ. ಒತ್ತಿದೆ.

ಮುಚ್ಚಳದಡಿ ಬೆಳಕಿನ ಗೆರೆಯೊಂದು
ದೀಪ ಹಿಡಿದು ಏನೋ ಹುಡುಕುವವರ ಹಾಗೆ
ಈ ಗೋಡೆಯಿಂದ ಆ ಗೋಡೆಗೆ ನಡೆಯಿತು.
ಫೋನಿನಲ್ಲಿ ಮೇಲು:
ಸರ್ವಮಂಗಳ ಇಂದ ಸರ್ವಮಂಗಳಗೆ.
ವಿಷಯ: ಇಲ್ಲ.
"ಬಂತಾ?" ಎಂದರು ಅವರು ಒಳಗಿಂದ.
"ಬಂತು."
"ಹೇಳ್ಲಿಲ್ವಾ, ಏರ್ ಅಂತ."

ಮಾರನೇ ದಿನ ಇಪ್ಪತ್ತೊಂದು ಫಾರಮ್ಮು ಕಳಿಸಿದೆ.
ಮಧ್ಯಾಹ್ನ ಆಫೀಸಿಂದ ಫೋನು:
"ಮೇಡಂ, ಪಾರ್ಟಿಗಳೆಲ್ಲ ಸೈನು ಮಾಡಿದ್ದಾರೆ ಸರಿ,
ಪ್ರತಿ ಹಾಳೆಯ ಮೂಲೆಯಲ್ಲೂ
ಇದು ಯಾರ ಹೆಬ್ಬೆಟ್ಟು?"

ಮುಚ್ಚಳ ಎತ್ತಿದೆ.
ಎಷ್ಟು ಸೋಪು ಹಾಕಿ ಉಜ್ಜಿದರೂ ಬಿಡದ
ಡಿಪೋದ ಗ್ರೀಸು,
ಗಾಜಿನ ತುದಿಯಲ್ಲಿ, ಗೆರೆ ಗೆರೆಯಾಗಿ, ಅಷ್ಟು ಚೊಕ್ಕ.
ಇಪ್ಪತ್ತೊಂದು ಮಂದಿಗೆ ಗೊತ್ತಿಲ್ಲದೆ
ಇವರು ಸಾಕ್ಷಿ.

ಹತ್ತಿಬಟ್ಟೆ ಒದ್ದೆ ಮಾಡಿಕೊಂಡು ಬಂದು,
ಒರೆಸುವ ಮುಂಚೆ
ಕಾಗದವಿಡದೆ ಮುಚ್ಚಳ ಹಾಕಿ
ಒಂದು ಸಲ ಒತ್ತಿದೆ, ನನ್ನ ಹೆಸರಿಗೇ.
ಬಂತು: ಬರೀ ಬಿಳಿ,
ಮೂಲೆಯಲ್ಲಿ ಅದು.

ಆಮೇಲೆ ಒರೆಸಿದೆ.
ಇಪ್ಪತ್ತೊಂದನ್ನೂ ಮತ್ತೆ ಕಳಿಸಬೇಕಿತ್ತು,
ನಾಲ್ಕು ಗಂಟೆಯೊಳಗೆ.