ದನಿ ಏರಿಸುವ ಪಾಠ

ಸಹಾರಿನ ಐದನೇ ಗೇಟಿನ ಹೊರಗೆ, ಡ್ಯೂಟಿ ಮುಗಿಸಿ ಬಂದ
ಮೂವತ್ತೊಂದು ಮಂದಿ, ತೋಳಿಗೆ ಕಪ್ಪು ಪಟ್ಟಿ.
ಎಲ್ಲರೂ ಮಾತಿನಿಂದಲೇ ಹೊಟ್ಟೆ ಹೊರೆದವರು,
ಘೋಷಣೆ ಕೂಗಲು ಒಬ್ಬರಿಗೂ ಬಾರದು.

ಕಾಗದ ನೋಡಿ ಶುರುಮಾಡಿದ ಕಾರ್ಯದರ್ಶಿ ತುಸ್ಕಾನೊ:
‘ಖಾಲಿ ಹುದ್ದೆ ತುಂಬಿರಿ.’
ಇಪ್ಪತ್ತೆರಡು ವರ್ಷದ ಅದೇ ಸಪಾಟು ದನಿ,
ಗಾಳಿ ಇನ್ನೂರ ಎಪ್ಪತ್ತು ಡಿಗ್ರಿ, ಎಂಟು ನಾಟ್ ಅಂದ ಹಾಗೆ.
ನಾವೂ ಅಷ್ಟೇ ಶಿಸ್ತಾಗಿ ಮರಳಿ ಒಪ್ಪಿಸಿದೆವು:
‘ಖಾಲಿ ಹುದ್ದೆ ತುಂಬಿರಿ.’
ಒಂದಕ್ಷರ ತಪ್ಪಲಿಲ್ಲ.
ಪೇರಲ ಮಾರುವವಳು ತಲೆಯೆತ್ತಿಯೂ ನೋಡಲಿಲ್ಲ.

ನಮ್ಮ ತಪ್ಪಲ್ಲ. ಕಲಿಸಿದ್ದೇ ಹೀಗೆ:
ಎಂಜಿನ್ನಿಗೆ ಹದ್ದು ಬಡಿದರೂ
ನಿನ್ನ ದನಿ ತುಂಬಿದ ಬಿಂದಿಗೆ ಹೊತ್ತವಳ ನಡೆಯಂತಿರಲಿ,
ತುಳುಕಬಾರದು.
ಅಪ್ಪ ತೀರಿಕೊಂಡ ಸುದ್ದಿ ಬಂದ ರಾತ್ರಿಯೂ
ಹನ್ನೊಂದು ವಿಮಾನ ಇಳಿಸಿದ್ದೆ. ಬಿಡಿಸಿಕೊಳ್ಳಲು
ಪಕ್ಕದ ಕುರ್ಚಿಯಲ್ಲಿ ಜನ ಇರಲಿಲ್ಲ.

ಆ ಕುರ್ಚಿ ಈಗಲೂ ಹಾಗೇ ಇದೆ.
ರೋಸ್ಟರಿನಲ್ಲಿ ಅದರ ಎದುರು ಒಂದು ಗೆರೆ,
ಬೆನ್ನಿಗೆ ಪರುಳೇಕರ್ ಮಾಮಾ ಬಿಟ್ಟುಹೋದ ಸ್ವೆಟರು.
ಅವರು ನಿವೃತ್ತರಾಗಿ ನಾಲ್ಕು ಮಳೆಗಾಲ.
ನಾಲ್ಕು ಕಣ್ಣಿನ ಕೆಲಸ ಎರಡು ಕಣ್ಣಿಗೆ.
ನಸುಕಿನ ಮೂರಕ್ಕೆ ಪರದೆಯ ಚುಕ್ಕಿಗಳು
ಎಳ್ಳಿನ ಹಾಗೆ ಚೆಲ್ಲಿಕೊಂಡಾಗ
ಒಂದೊಂದು ಎಳ್ಳಿನೊಳಗೂ ನೂರೆಂಬತ್ತು ಜನ ನಿದ್ದೆಯಲ್ಲಿ.
ನಿದ್ದೆ ಅವರಿಗೆ ಮಾತ್ರ ಮಂಜೂರು.

ಅರ್ಜಿ ಹಾಕಿದ್ದೇವೆ. ಒಂದಲ್ಲ.
ಕೆಲಸ ನಿಲ್ಲಿಸುವ ಮಾತು ಯಾರೂ ಆಡಿಲ್ಲ,
ಆಕಾಶಕ್ಕೆ ಶಟರ್ ಎಳೆಯಲಾದೀತೆ?
ದಿಲ್ಲಿಯಲ್ಲಿ ನಮ್ಮ ಫೈಲು ಸುತ್ತು ಹೊಡೆಯುತ್ತಿದೆ,
ವಸಯಿಯ ಮೇಲೆ ಸರದಿ ಕಾಯುವ ವಿಮಾನದ ಹಾಗೆ;
ವ್ಯತ್ಯಾಸ ಇಷ್ಟೇ, ವಿಮಾನದ ಎಣ್ಣೆ ಮುಗಿಯುತ್ತದೆ.
ದೊಡ್ಡ ಸಾಹೇಬರು ಒಮ್ಮೆ ಕರೆಸಿ, ಚಹಾ ಕೊಟ್ಟು,
ಅಂದರು: ‘ಸ್ಟ್ಯಾಂಡ್‌ಬೈ.’
ನಮ್ಮದೇ ಪದ. ಹೌದೂ ಅಲ್ಲ, ಇಲ್ಲವೂ ಅಲ್ಲ.
ಯಾವ ಪೈಲಟ್ಟಿಗೂ ನಾವದನ್ನು ಒಂದೂವರೆ ವರ್ಷ ಹೇಳಿಲ್ಲ.

ಗೇಟಿನಾಚೆ ಬೀಡಿ ಸೇದುತ್ತ ನೋಡುತ್ತಿದ್ದ ಘಾಡಿ,
ಲಗೇಜು ಎತ್ತುವವರ ಸಂಘದ ಹಳೆಯ ಹುಲಿ;
ಮೂರು ಮುಷ್ಕರ, ಒಂದು ಮುರಿದ ದವಡೆ.
ಎದ್ದುಬಂದ. ‘ಏನ್ರೀ ಇದು,
ಸತ್ತ ಮನೆಯಲ್ಲಿ ವಿಳಾಸ ಕೇಳಿದ ಹಾಗೆ!
ಗಂಟಲಿಂದಲ್ಲ, ಹೊಟ್ಟೆಯಿಂದ ತೆಗೀರಿ.’
ಮರಾಠಿಯಲ್ಲೇ ಅಂದ; ಹೊಟ್ಟೆಗೆ ಅನುವಾದ ಬೇಕಾಗಲಿಲ್ಲ.

ಮೊದಲ ಸಲ ಕೂಗಿದಾಗ ನನಗೇ ನಾಚಿಕೆ.
ಎರಡನೇ ಸಲ ಯಾರೋ ನಕ್ಕರು.
ಮೂರನೆಯದಕ್ಕೆ ಜುಲೇಖಾಳ ಕೊರಳ ನರ ಉಬ್ಬಿತು,
ಆಮೇಲೆ ಎಷ್ಟನೆಯದೋ, ಲೆಕ್ಕ ತಪ್ಪಿತು,
ಲೆಕ್ಕ ತಪ್ಪಬಾರದ ನಮಗೆ!
ಆಟೋಗಳು ನಿಂತವು. ಪೇರಲದವಳು
ತಕ್ಕಡಿ ಕೆಳಗಿಟ್ಟಳು.
ದುಬೈ ವಿಮಾನವೊಂದು ಚಕ್ರ ಬಿಚ್ಚಿ ಇಳಿಯುತ್ತ
ನಮ್ಮ ಕೂಗನ್ನು ನುಂಗಿತು. ಅದಕ್ಕೂ ದಾರಿ ಬಿಟ್ಟು,
ನೆಲ ಮುಟ್ಟುವ ತನಕ ಕಾದು,
ಮತ್ತೆ ಕೂಗಿದೆವು.

ಮರುದಿನ ರಾತ್ರಿಪಾಳಿ. ಹೆಡ್‌ಸೆಟ್ಟು ಹಾಕಿ
ಬಾಯಿ ತೆರೆದರೆ ಹರಿದ ಬಟ್ಟೆಯ ದನಿ.
ಕೊಚ್ಚಿಯಿಂದ ಬರುತ್ತಿದ್ದವನು ಕ್ಷಣ ಸುಮ್ಮನಿದ್ದ.
‘ಮುಂಬೈ, ಹುಷಾರಿಲ್ಲವೇ?’
ನಿಯಮದಲ್ಲಿಲ್ಲದ ಪ್ರಶ್ನೆ.
ಉತ್ತರಕ್ಕೂ ಪುಸ್ತಕದಲ್ಲಿ ಪದವಿಲ್ಲ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಅತ್ತ ಕಡೆಯವನಿಗೆ
ಇತ್ತ ಕಡೆ ಒಂದು ಗಂಟಲಿದೆಯೆಂದು ಗೊತ್ತಾಗಿತ್ತು.
ಪಕ್ಕದ ಕುರ್ಚಿ ನೋಡಿದೆ. ಸ್ವೆಟರು.

‘ಇದ್ದೇನೆ,’ ಅಂದೆ. ‘ನಿಮ್ಮ ಹಿಂದೆ ಇನ್ನೂ ಏಳು ಮಂದಿ.
ಇಳಿಯುತ್ತ ಬನ್ನಿ.’